ವಿನಿಪಾತಪ್ರತೀಕಾರ: ಒಂದು ಯಂತ್ರೋದ್ಯಮದ ನಿದರ್ಶನ

೧

ಯಾವ ಮಹಾಕಾರ್ಯವನ್ನಾದರೂ ಕೈಕೊಳ್ಳುವುದಕ್ಕೆ ಮೊದಲು ಆಲೋಚಿಸತಕ್ಕ ಅಂಗಗಳು ಐದೆಂದು ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ಮಂತ್ರವಿಚಾರವನ್ನು ಹೇಳುವಾಗ ನಿರೂಪಿಸಿದ್ದಾನೆ. ಕಾರ್ಯವನ್ನು ಆರಂಭಿಸುವ ಉಪಾಯ, ಪುರುಷರೂ ದ್ರವ್ಯವೂ ಸಾಕಷ್ಟಿರುವಿಕೆ, ದೇಶಕಾಲಗಳ ವಿಭಾಗ, ವಿನಿಪಾತಪ್ರತೀಕಾರ, ಕಾರ್ಯಸಿದ್ಧಿ ಎಂಬಿವೇ ಆ ಐದು. ಆರ್. ಶಾಮಶಾಸ್ತ್ರಿಗಳು ಈ ಗ್ರಂಥವನ್ನು ೧೯೦೯ರಲ್ಲಿ ಮೈಸೂರಿನಲ್ಲಿ ಅಚ್ಚುಮಾಡಿಸಿ ಬೆಳಕಿಗೆ ತಂದಂದಿನಿಂದ ಅದರ ವಿಷಯದಲ್ಲಿ ನಡೆದಿರುವ ಚರ್ಚೆಯು ಅಪಾರವಾದುದು. ಆದರೂ ಈ ಐದರಲ್ಲಿ ನಾಲ್ಕನೆಯದಕ್ಕೆ ಸಲ್ಲಬೇಕಾದಷ್ಟು ಗಮನವು ಸಂದಂತೆ ಕಾಣುವುದಿಲ್ಲ.

ವಿನಿಪಾತವೆಂದರೆ ಕೆಳಕ್ಕೆ ಬೀಳುವುದು, ಎಂದರೆ ನಡೆಯುತ್ತಿರುವ ಕಾರ್ಯವು ಮುಗ್ಗರಿಸುವುದು. ಅದಕ್ಕೆ ಮಾಡುವ ಪರಿಹಾರವೇ ಪ್ರತೀಕಾರ. ಇಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಒಂದನೆಯದಾಗಿ, ಈ ಅಂಗವು ಕಾರ್ಯಸಿದ್ಧಿಗೆ ಹಿಂದೆಯೇ ಎಣಿಕೆಗೊಂಡಿದೆ. ಬೀಳುವುದು ಅಪವಾದವಲ್ಲ, ಸಿದ್ಧಿಯ ಹಾದಿಯಲ್ಲಿಯೇ ಇರತಕ್ಕ ಸಂಭವವೆಂಬುದು ಆಚಾರ್ಯನ ಅಭಿಪ್ರಾಯವಾಗಿರಬೇಕು. ಎರಡನೆಯದಾಗಿ, ಪುರುಷದ್ರವ್ಯಗಳ ಸಮೃದ್ಧಿಯನ್ನು ಬೇರೊಂದು ಅಂಗವಾಗಿ ಹೇಳಿದ ಮೇಲೆ ಇದನ್ನು ಪ್ರತ್ಯೇಕವಾಗಿ ಹೇಳಿರುವುದರಿಂದ, ಜನವನ್ನೂ ಹಣವನ್ನೂ ಹೆಚ್ಚಿಸಿದ ಮಾತ್ರಕ್ಕೆ ಪ್ರತೀಕಾರವಾಗದೆಂಬುದು ಸ್ಪಷ್ಟ. ಹಾಗಾದರೆ ಅದು ಯಾವುದರಿಂದ ಆಗುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದಕ್ಕೆ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ನಡೆದ ಒಂದು ಮಹೋದ್ಯಮದ ಚರಿತ್ರೆಯು ಉತ್ತಮವಾದ ನಿದರ್ಶನವಾಗಿದೆ. ಅದರಲ್ಲಿ ಪಾಲ್ಗೊಂಡವರೇ ತಮ್ಮ ತಪ್ಪುಗಳನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿರುವುದರಿಂದ ಕಾರಣವನ್ನೂ ಕಾರ್ಯವನ್ನೂ ಕೂಡಿಸಿ ನೋಡಲು ಅವಕಾಶವುಂಟು.

೨

ಇಂಟರ್‌ನ್ಯಾಷನಲ್ ಬಿಸಿನೆಸ್ ಮೆಷೀನ್ಸ್ ಎಂಬ ಕಂಪನಿಯು ಐ. ಬಿ. ಎಂ. ಎಂಬ ಸಂಕ್ಷೇಪನಾಮದಿಂದ ಪ್ರಸಿದ್ಧವಾದುದು. ೧೯೬೦ರ ಸುಮಾರಿನಲ್ಲಿ ಅದು ಬಗೆಬಗೆಯ ಕಂಪ್ಯೂಟರುಗಳನ್ನು ತಯಾರಿಸುತ್ತಿತ್ತು. ವ್ಯಾಪಾರಿಗಳ ಲೆಕ್ಕಪತ್ರಕ್ಕೆ ಒಂದು ಬಗೆ, ವಿಜ್ಞಾನಿಗಳ ಗಣಿತಕ್ಕೆ ಇನ್ನೊಂದು ಬಗೆ. ಒಂದಕ್ಕಾಗಿ ಬರೆದ ಆಜ್ಞಾಸಮೂಹವನ್ನು, ಎಂದರೆ ಪ್ರೋಗ್ರಾಮನ್ನು, ಮತ್ತೊಂದು ಗ್ರಹಿಸಲಾರದು. ಚಿಕ್ಕ ಯಂತ್ರವನ್ನು ಬಿಟ್ಟು ದೊಡ್ಡದನ್ನು ಕೊಳ್ಳುವವನು ತನ್ನ ಪ್ರೋಗ್ರಾಮುಗಳೆಲ್ಲವನ್ನೂ ಮೊದಲಿನಿಂದ ಬರೆಯಿಸಬೇಕಾಗುತ್ತಿತ್ತು. ಗ್ರಂಥಭಂಡಾರವು ದೊಡ್ಡ ಕಟ್ಟಡಕ್ಕೆ ಹೋದಾಗಲೆಲ್ಲ ಅದರ ಪುಸ್ತಕಗಳನ್ನು ಬೇರೊಂದು ಲಿಪಿಯಲ್ಲಿ ಪ್ರತಿಮಾಡಿಸಬೇಕೆಂದಿದ್ದರೆ ಹೇಗೋ ಹಾಗೆ. ಕಂಪನಿಯ ಒಳಗೂ ಪೊಕೀಪ್ಸಿ, ಎಂಡಿಕಾಟ್ ಎಂಬ ಎರಡು ಊರುಗಳಲ್ಲಿದ್ದ ಕಾರ್ಯಶಾಲೆಗಳು ಒಂದಕ್ಕೊಂದು ಪ್ರತಿಸ್ಪರ್ಧಿಗಳಾಗಿ ನಡೆಯುತ್ತಿದ್ದವು.

ಈ ಎರಡು ಶಾಲೆಗಳ ಮೇಲೂ ಅಧಿಕಾರಿಯಾಗಿದ್ದ ವಿನ್ಸೆಂಟ್ ಲರ್ಸನ್ ಎಂಬಾತನು ೧೯೬೧ರಲ್ಲಿ ಬಾಬ್ ಇವಾನ್ಸ್ ಎಂಬ ಇಂಜಿನಿಯರನ್ನು ಎಂಡಿಕಾಟಿನಿಂದ ಪೊಕೀಪ್ಸಿಗೆ ಕಳುಹಿಸಿದನು. ಅಲ್ಲಿ ಫ್ರೆಡ್ ಬ್ರೂಕ್ಸ್ ಎಂಬ ತರುಣ ವಿದ್ವಾಂಸನು ೮೦೦೦ ಎಂಬ ಹೊಸ ಯಂತ್ರಶ್ರೇಣಿಯೊಂದನ್ನು ಯೋಜಿಸಿದ್ದನು. ಪರಸ್ಪರ ಹೊಂದದ ಯಂತ್ರಗಳ ಪಟ್ಟಿಗೆ ಇನ್ನೊಂದು ಸೇರುವುದು ಬೇಡವೆಂದು ಇವಾನ್ಸನು ಅದನ್ನು ನಿಲ್ಲಿಸಲು ಹೊರಟನು. ಬ್ರೂಕ್ಸನು ತಿಂಗಳುಗಟ್ಟಲೆ ಬಲವಾಗಿ ವಿರೋಧಿಸಿ ಕೊನೆಗೆ ಸೋತನು. ಗೆದ್ದ ಇವಾನ್ಸನು ಹೊಸದಾಗಿ ಯೋಜಿಸಬೇಕಾದ ಏಕೀಕೃತ ಶ್ರೇಣಿಯ ಭಾರವನ್ನು ಆ ಸೋತ ಬ್ರೂಕ್ಸನಿಗೇ ಒಪ್ಪಿಸಿದನು. ವಾದದಲ್ಲಿ ಎದುರು ನಿಂತವನ ಯೋಗ್ಯತೆಯನ್ನು ವಾದದ ಫಲದಿಂದ ಬೇರ್ಪಡಿಸಿ ಅಳೆಯುವುದು ಮುಂದಾಳುವಿನ ಮೊದಲನೆಯ ಗುಣ. ಅದು ಇಲ್ಲಿ ಕಾಣುತ್ತದೆ.

ಅದೇ ವರ್ಷದ ಕೊನೆಯಲ್ಲಿ ಹದಿಮೂರು ಜನರ ಒಂದು ಸಮಿತಿಯು ಕನೆಕ್ಟಿಕಟ್ ಪ್ರಾಂತದ ಒಂದು ವಸತಿಗೃಹದಲ್ಲಿ ಸೇರಿ, ಇತರ ಕೆಲಸಗಳನ್ನೆಲ್ಲ ಬದಿಗಿಟ್ಟು ಚರ್ಚಿಸಿ, ೧೯೬೧ನೆಯ ಡಿಸೆಂಬರ್ ೨೮ರಂದು ತನ್ನ ವರದಿಯನ್ನು ಮುಗಿಸಿತು. ಅತಿ ಚಿಕ್ಕದರಿಂದ ಅತಿ ದೊಡ್ಡದರವರೆಗೆ ಎಲ್ಲ ಯಂತ್ರಗಳೂ ಒಂದೇ ಆಜ್ಞಾಭಾಷೆಯನ್ನು ತಿಳಿಯಬೇಕೆಂಬುದು ಅದರ ಸಾರ. ಕಂಪನಿಯ ಅಧ್ಯಕ್ಷನಾದ ಕಿರಿಯ ಥಾಮಸ್ ವಾಟ್ಸನನು ಇದನ್ನು ಅಂಗೀಕರಿಸಿದನು. ೧೯೬೪ನೆಯ ಏಪ್ರಿಲ್ ೭ರಂದು 'ಸಿಸ್ಟಂ ೩೬೦' ಎಂಬ ಹೆಸರಿನಿಂದ ಆರು ಯಂತ್ರಗಳು ಪ್ರಕಟವಾದವು. ವೃತ್ತದ ೩೬೦ ಅಂಶಗಳಂತೆ ಸಮಸ್ತ ಪ್ರಯೋಜನಗಳನ್ನೂ ಸುತ್ತುವರಿಯತಕ್ಕದ್ದೆಂಬುದು ಆ ಹೆಸರಿನ ಆಶಯ. ಇದಕ್ಕೆ ತಗಲಿದ ಒಟ್ಟು ವೆಚ್ಚವು ೫೦೦ ಕೋಟಿ ಡಾಲರೆಂದು ಅಂದಿನ ಪತ್ರಿಕೆಗಳು ಎಣಿಸಿದವು. ಕಂಪನಿಯ ೧೯೬೪ರ ಸಮಗ್ರ ವರಮಾನವೇ ಸುಮಾರು ೩೨೦ ಕೋಟಿ ಡಾಲರುಗಳಾಗಿದ್ದುದರಿಂದ, ಈ ಕಾರ್ಯವು ಕೆಟ್ಟರೆ ಕಂಪನಿಯೇ ಉಳಿಯಲಾರದೆಂಬ ಭೀತಿಯು ನಿರಾಧಾರವಾದುದಲ್ಲ.

೩

ಕಾರ್ಯಾರಂಭವು ಹೀಗೆ ನಿರ್ದುಷ್ಟವಾಗಿದ್ದರೂ ವಿನಿಪಾತವು ತಪ್ಪಲಿಲ್ಲ. ಅದು ಮುಖ್ಯವಾಗಿ ಎರಡು ಎಡೆಗಳಲ್ಲಿ ಸಂಭವಿಸಿತು: ಯಂತ್ರಗಳ ತಯಾರಿಕೆಯಲ್ಲಿ ಒಂದು, ಆಪರೇಟಿಂಗ್ ಸಿಸ್ಟಂ ಎಂಬ ಆಳುವ ಪ್ರೋಗ್ರಾಮಿನ ರಚನೆಯಲ್ಲಿ ಇನ್ನೊಂದು. ಯಂತ್ರದ ಯಾವ ಭಾಗವು ಯಾವಾಗ ಯಾರ ಕೆಲಸವನ್ನು ಮಾಡಬೇಕೆಂಬುದನ್ನು ಗೊತ್ತುಮಾಡುವುದೇ ಆಪರೇಟಿಂಗ್ ಸಿಸ್ಟಂ. ಅದಿಲ್ಲದ ಯಂತ್ರವು ಪಾರುಪತ್ಯಗಾರನಿಲ್ಲದ ಛತ್ರದಂತೆ. ಎಲ್ಲವೂ ಇದ್ದು ಯಾರಿಗೂ ಊಟವಿಲ್ಲ.

ಈ ಎರಡನೆಯದನ್ನು ೧೯೬೪-೬೫ರಲ್ಲಿ ನಡೆಯಿಸಿದವನು ಬ್ರೂಕ್ಸನೇ. ಮುಂದೆ ಉತ್ತರ ಕೆರೊಲಿನದ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿ, ೧೯೭೫ರಲ್ಲಿ 'ದಿ ಮಿಥಿಕಲ್ ಮ್ಯಾನ್-ಮಂತ್' ಎಂಬ ಗ್ರಂಥದಲ್ಲಿ ತನ್ನ ಅನುಭವವನ್ನು ಅವನು ವಿವರಿಸಿದ್ದಾನೆ. ಕೆಲಸವು ತುದಿಮುಟ್ಟಿದ್ದಾಗ ಸಾವಿರಕ್ಕೆ ಮೇಲ್ಪಟ್ಟ ಜನರು ಅದರಲ್ಲಿ ತೊಡಗಿದ್ದರೆಂದೂ, ೧೯೬೩ರಿಂದ ೧೯೬೬ರವರೆಗೆ ಒಬ್ಬನ ದುಡಿಮೆಯ ಲೆಕ್ಕದಲ್ಲಿ ಸುಮಾರು ೫೦೦೦ ವರ್ಷಗಳಷ್ಟು ಶ್ರಮವು ವ್ಯಯವಾಯಿತೆಂದೂ ಅವನ ಗಣನೆ. ಇಷ್ಟಾಗಿಯೂ ಕಾರ್ಯವು ಹಿಂದೆ ಬಿತ್ತು. ಬಂದ ಫಲವು ಯೋಜಿಸಿದ್ದಕ್ಕಿಂತ ದೊಡ್ಡದೂ ನಿಧಾನವಾದುದೂ ಆಗಿ, ಚಿಕ್ಕ ಯಂತ್ರಗಳಲ್ಲಿ ಹಿಡಿಯದೆ ಹೋಯಿತು. ಅವುಗಳಿಗಾಗಿ 'ಡಾಸ್' ಎಂಬ ಬೇರೊಂದು ಕಿರಿಯ ವ್ಯವಸ್ಥೆಯನ್ನು ರಚಿಸಿ ೧೯೬೬ರಲ್ಲಿ ಒದಗಿಸಬೇಕಾಯಿತು.

ತನ್ನ ದೊಡ್ಡ ತಪ್ಪೆಂದು ಬ್ರೂಕ್ಸನು ಒಪ್ಪಿಕೊಂಡಿರುವ ಒಂದು ಸಂಗತಿಯು ಗ್ರಂಥಸಂಪಾದನೆಯ ಕೆಲಸವನ್ನು ಬಲ್ಲವರಿಗೆ ಸುಲಭವಾಗಿ ಮನದಟ್ಟಾಗುತ್ತದೆ. ವ್ಯವಸ್ಥೆಯ ಸ್ವರೂಪವು ಹೀಗಿರಬೇಕೆಂಬ ಲಕ್ಷಣವನ್ನು ಬರೆಯುವ ಕೆಲಸವು ಮೊದಲು ಆಗಬೇಕಾಗಿತ್ತು. ರಚನಾಶಿಲ್ಪಿಗಳ ಮುಖ್ಯನ ಬಳಿ ಹತ್ತು ಜನ ನುರಿತವರಿದ್ದರು. ಸರಿಯಾಗಿ ಬರೆಯಲು ಹತ್ತು ತಿಂಗಳು ಬೇಕು, ಗೊತ್ತಾದ ಅವಧಿಗಿಂತ ಮೂರು ತಿಂಗಳು ಹೆಚ್ಚು, ಎಂದು ಅವನು ಹೇಳಿದನು. ನಿರ್ಮಾಣದ ಮುಖ್ಯನ ಬಳಿ ೧೫೦ ಜನರಿದ್ದರು. ಲಕ್ಷಣವನ್ನು ತನ್ನವರೇ ಅವಧಿಯೊಳಗೆ ಬರೆದುಕೊಡುವರೆಂದೂ, ಇಲ್ಲದಿದ್ದರೆ ಅವರೆಲ್ಲರೂ ಹತ್ತು ತಿಂಗಳು ಕೈಕಟ್ಟಿ ಕುಳಿತಿರಬೇಕಾದೀತೆಂದೂ ಅವನ ವಾದ. ಹಾಗೆ ಮಾಡಿದರೆ ಕೆಲಸವು ಅವಧಿಯಲ್ಲಿಯೂ ಮುಗಿಯದು, ಗುಣವೂ ಕೆಡುವುದು ಎಂದು ಶಿಲ್ಪಿಮುಖ್ಯನು ಎಚ್ಚರಿಸಿದರೂ ಬ್ರೂಕ್ಸನು ೧೫೦ ಜನರ ಕಡೆಗೇ ಒಲಿದನು. ಎಚ್ಚರಿಕೆಯು ಎರಡಂಶದಲ್ಲಿಯೂ ನಿಜವಾಯಿತು. ಅನೇಕರ ಕೈಯಿಂದ ಬಂದ ಲಕ್ಷಣದಲ್ಲಿ ಏಕವಾಕ್ಯತೆಯಿಲ್ಲದೆ, ದೋಷಗಳನ್ನು ತಿದ್ದುವ ಕೆಲಸವೇ ಒಂದು ವರ್ಷ ಬೆಳೆಯಿತೆಂದು ಅವನು ಅಂದಾಜು ಮಾಡಿದ್ದಾನೆ.

ಆ ಗ್ರಂಥದಿಂದ ಪ್ರಸಿದ್ಧಿಗೆ ಬಂದ ನಿಯಮವೊಂದುಂಟು: ತಡವಾದ ಪ್ರೋಗ್ರಾಮಿನ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಮೇಲುನೋಟಕ್ಕೆ ಇದು ವಿಪರೀತವಾಗಿ ತೋರುತ್ತದೆ. ಆದರೆ ಓಲೆಗರಿಯ ಗ್ರಂಥವನ್ನು ಪ್ರತಿಮಾಡುವುದೇ ಬೇರೆ, ಅದಕ್ಕೆ ಟೀಕೆಯನ್ನು ಬರೆಯುವುದೇ ಬೇರೆ. ನೂರು ಗರಿಗಳನ್ನು ಹತ್ತು ಜನ ಲಿಪಿಕಾರರಿಗೆ ಹಂಚಿದರೆ ಕೆಲಸವು ಹತ್ತರಲ್ಲೊಂದು ಕಾಲದಲ್ಲಿ ಮುಗಿದೀತು. ಟೀಕೆಯನ್ನು ಹತ್ತು ಜನ ಪಂಡಿತರಿಗೆ ಹಂಚಿದರೆ, ಮೂರನೆಯ ಅಧ್ಯಾಯದಲ್ಲಿ ಒಂದು ಪದಕ್ಕೆ ಕೊಟ್ಟ ಅರ್ಥವು ಏಳನೆಯದರಲ್ಲಿ ಕೊಟ್ಟದ್ದಕ್ಕೆ ವಿರುದ್ಧವಾಗದಂತೆ ಪ್ರತಿಯೊಬ್ಬನೂ ಉಳಿದವರೊಡನೆ ಸಮಾಲೋಚಿಸಬೇಕು. ಹತ್ತು ಜನರಲ್ಲಿ ಇಂಥ ಜೋಡಿಗಳು ೪೫. ಐವತ್ತು ಜನರಲ್ಲಿ ೧೨೨೫. ಹೊಸದಾಗಿ ಬಂದವನಿಗೆ ಗ್ರಂಥದ ಪರಿಚಯವನ್ನು ಮಾಡಿಕೊಡುವವನು ಬರೆಯುತ್ತಿರುವ ಹಳಬನೇ ಆದುದರಿಂದ ಅವನ ಲೇಖನಿಯೂ ಅಷ್ಟು ಕಾಲ ನಿಲ್ಲುತ್ತದೆ.

ಪ್ರೋಗ್ರಾಮಿನ ಸ್ಥಿತಿ ಹೀಗಾದರೆ ಯಂತ್ರಗಳ ತಯಾರಿಕೆಯ ತೊಡಕು ಇನ್ನೂ ಮೇಲಿನ ಸ್ಥಾನದಿಂದ ಹುಟ್ಟಿದುದು. ವಾಟ್ಸನನು ೧೯೬೪ರಲ್ಲಿ ಯಂತ್ರರಚನೆ, ತಯಾರಿಕೆಗಳನ್ನು ತನ್ನ ತಮ್ಮನಾದ ಆರ್ಥರ್ ವಾಟ್ಸನನಿಗೂ ಮಾರಾಟವನ್ನು ಲರ್ಸನ್ನನಿಗೂ ವಹಿಸಿದ್ದನು. ಮುಂದೆ ಕಂಪನಿಯ ಮುಖ್ಯಪದವಿಗೆ ಬರತಕ್ಕವರೆಂದು ಎಣಿಸಲ್ಪಟ್ಟವರು ಇವರಿಬ್ಬರೇ. ಮಾರುವವನು ಬೇಡಿಕೆಯನ್ನು ಏರಿಸಿದಷ್ಟೂ ಮಾಡುವವನ ಮೇಲೆ ಭಾರವು ಬೀಳುತ್ತಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನೋಡುವವರಿರಲಿಲ್ಲ. ೧೯೬೫ರ ಕೊನೆಯ ಹೊತ್ತಿಗೆ, ಮಾತು ಕೊಟ್ಟ ದಿನಕ್ಕೆ ಯಂತ್ರಗಳನ್ನು ಒಪ್ಪಿಸಲಾಗುವುದಿಲ್ಲವೆಂದು ಕಂಪನಿಯು ಬಹಿರಂಗವಾಗಿ ಒಪ್ಪಿಕೊಳ್ಳಬೇಕಾಯಿತು. ಕಾರ್ಖಾನೆಗಳಲ್ಲಿ ಅರ್ಧಂಬರ್ಧ ತಯಾರಾಗಿ ಬಿದ್ದಿದ್ದ ಸಾಮಗ್ರಿಯ ಬೆಲೆಯು ಸುಮಾರು ೬೦ ಕೋಟಿ ಡಾಲರುಗಳಷ್ಟಿದ್ದು, ಅದರ ಸರಿಯಾದ ಲೆಕ್ಕವು ಮೇಲಿನವರಿಗೆ ತಿಳಿದಿರಲಿಲ್ಲವೆಂಬುದು ವಾಟ್ಸನನ ಆತ್ಮಕಥೆಯಿಂದ ವಿದಿತವಾಗುತ್ತದೆ.

೪

ಪ್ರತೀಕಾರವು ಎರಡು ನೆಲೆಗಳಲ್ಲಿ ನಡೆಯಿತು. ಮೊದಲನೆಯದು, ಒಡೆದಿದ್ದ ಅಧಿಕಾರವನ್ನು ಒಂದುಗೂಡಿಸಿದ್ದು. ವಾಟ್ಸನನು ಇಡೀ ಕಾರ್ಯವನ್ನು ಲರ್ಸನ್ನನ ಕೈಗೆ ಕೊಟ್ಟನು. ಅವನು ನಾಲ್ವರು ಸಮರ್ಥರನ್ನು ಆರಿಸಿ, ವಿಭಾಗಗಳ ಮೇರೆಗಳನ್ನು ಮೀರಿ ಆಜ್ಞಾಪಿಸುವ ಅಧಿಕಾರವನ್ನು ಅವರಿಗೆ ಒಪ್ಪಿಸಿದನು. ಸಮಾಲೋಚನೆಗೆ ಮೂವರೋ ನಾಲ್ವರೋ ಮಂತ್ರಿಗಳು ಸಾಕು, ಅದಕ್ಕಿಂತ ಹೆಚ್ಚಾದರೆ ನಿಶ್ಚಯವು ಕಷ್ಟವೆಂದು ಕೌಟಿಲ್ಯನು ಹೇಳಿರುವ ಸಂಖ್ಯೆಯೂ ಇದೇ ಆಗಿರುವುದು ಗಮನಾರ್ಹ. ೧೯೬೬ರಲ್ಲಿ ಲರ್ಸನ್ನನು ಕಂಪನಿಯ ಪ್ರೆಸಿಡೆಂಟನಾದನು. ಆ ವರ್ಷದಲ್ಲಿಯೇ ಸಾವಿರಾರು ಯಂತ್ರಗಳು ಕೊಂಡವರ ಕೈಸೇರಿದವು.

ಎರಡನೆಯ ನೆಲೆಯು ಅಷ್ಟು ಪ್ರಸಿದ್ಧವಲ್ಲದಿದ್ದರೂ ಪ್ರಕೃತಕ್ಕೆ ಹೆಚ್ಚು ಉಪಯುಕ್ತವಾದುದು. ೧೯೬೬ರಲ್ಲಿ ಪ್ರೋಗ್ರಾಮು ವಿಭಾಗದ ಭಾರವು ವಾಟ್ಸ್ ಹಂಫ್ರಿ ಎಂಬಾತನಿಗೆ ಬಂದಿತು. ಅವನ ಕೈಕೆಳಗೆ ಏಳು ದೇಶಗಳ ೧೫ ಪ್ರಯೋಗಶಾಲೆಗಳಲ್ಲಿ ಸುಮಾರು ೪೦೦೦ ಜನರಿದ್ದರು. ಪ್ರಕಟವಾಗಿದ್ದ ಗಡುವುಗಳೆಲ್ಲವೂ ತಪ್ಪಿಹೋಗಿದ್ದವು. ಇನ್ನು ಮುಂದಿನವುಗಳನ್ನು ಯಾರೂ ನಂಬುತ್ತಿರಲಿಲ್ಲ. ಹಂಫ್ರಿಯು ಪ್ರಯೋಗಶಾಲೆಗಳನ್ನು ಸುತ್ತಿ, ಅಲ್ಲಲ್ಲಿಯ ಮುಖ್ಯರನ್ನು ಕಂಡು, ಕೆಲಸದ ಯೋಜನಾಪತ್ರವನ್ನು ತೋರಿಸಿರೆಂದು ಕೇಳಿದನು. ಯಾರ ಬಳಿಯಲ್ಲಿಯೂ ಅದಿರಲಿಲ್ಲ. ಮೊದಲು ಯೋಜನೆಯನ್ನು ಮಾಡಿಕೊಂಡು ಕೆಲಸವನ್ನು ಹಿಡಿಯುವುದೇ ಉತ್ತಮವೆಂದು ಎಲ್ಲರೂ ಒಪ್ಪಿದರು. ಆದರೆ ಅದಕ್ಕೆ ಪುರಸತ್ತಿಲ್ಲವೆಂದರು. ಮೇಲಿನಿಂದ ಇಳಿದುಬಂದ ದಿನಾಂಕವನ್ನು ತಲೆಯ ಮೇಲೆ ಹೊತ್ತು ಎಲ್ಲರೂ ಓಡುತ್ತಿದ್ದರೇ ಹೊರತು, ಆ ದಿನಾಂಕವು ಯಾವ ಗಣನೆಯಿಂದ ಬಂದಿತೆಂಬುದನ್ನು ಬಲ್ಲವರೇ ಇರಲಿಲ್ಲ.

ಹಂಫ್ರಿಯು ಮೇಲಧಿಕಾರಿಗಳ ಬಳಿಗೆ ಹೋಗಿ, ಪ್ರಕಟಪಡಿಸಿದ ಗಡುವುಗಳೆಲ್ಲವನ್ನೂ ಹಿಂತೆಗೆದುಕೊಳ್ಳಬೇಕೆಂದು ಕೇಳಿದನು. ಪ್ರತಿಯೊಂದು ತಂಡವೂ ತನ್ನ ಕೆಲಸವನ್ನು ತಾನೇ ಅಳೆದು ಲಿಖಿತವಾದ ಯೋಜನೆಯನ್ನು ಒಪ್ಪಿಸುವವರೆಗೆ ಯಾವ ಹೊಸ ದಿನವನ್ನೂ ಘೋಷಿಸಬಾರದು, ಯಾವ ಹೊಸ ಕೆಲಸಕ್ಕೂ ಹಣವನ್ನು ಬಿಡಬಾರದು ಎಂಬುದು ಅವನ ನಿಬಂಧನೆ. ಗ್ರಾಹಕರು ಆಗಲೇ ಸಿಡಿಮಿಡಿಗೊಂಡಿದ್ದ ಸಮಯದಲ್ಲಿ, ಕಂಪನಿಗೆ ತನ್ನ ಪ್ರೋಗ್ರಾಮುಗಳು ಎಂದು ಮುಗಿಯುವುವೆಂಬುದು ತಿಳಿಯದೆಂದು ಒಪ್ಪಿಕೊಳ್ಳುವ ಮಾತಿದು. ಹೊಸದಾಗಿ ಬಂದ ಅಧಿಕಾರಿಯೊಬ್ಬನು ಇಂಥ ಮಾತನ್ನು ಆಡುವುದಕ್ಕೂ, ಮೇಲಿನವರು ಅದನ್ನು ಸಹಿಸುವುದಕ್ಕೂ ಬೇಕಾದ ಧೈರ್ಯವು ಸಾಮಾನ್ಯವಲ್ಲ. ಅವರು ಸಮ್ಮತಿಸಿದರು. ತಂಡಗಳು ಯೋಜನೆಗಳನ್ನು ಬರೆದವು. ಅವುಗಳಿಂದ ಹೊಸ ದಿನಗಳು ಗೊತ್ತಾದವು. ಮುಂದಿನ ಎರಡೂವರೆ ವರ್ಷಗಳವರೆಗೆ ಒಂದು ಗಡುವೂ ತಪ್ಪಲಿಲ್ಲವೆಂದು ಹಂಫ್ರಿಯು ಹೇಳಿದ್ದಾನೆ.

ಇಲ್ಲಿ ಬದಲಾದುದು ಏನು? ಜನರು ಅವರೇ, ಯಂತ್ರವೂ ಅದೇ, ವಿದ್ಯೆಯೂ ಒಂದು ವರ್ಷದಲ್ಲಿ ಬೆಳೆಯತಕ್ಕದ್ದಲ್ಲ. ದಿನಾಂಕವು ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದುದು ಹೋಗಿ, ಕೆಲಸವನ್ನು ಬಲ್ಲವರಿಂದ ಮೇಲಕ್ಕೆ ಏರತೊಡಗಿತು. ತಾನೇ ಅಳೆದು ಕೊಟ್ಟ ಮಾತನ್ನು ಉಳಿಸಿಕೊಳ್ಳುವುದರಲ್ಲಿ ಮನುಷ್ಯನಿಗಿರುವ ಶ್ರದ್ಧೆಯು, ಇನ್ನೊಬ್ಬನು ತನ್ನ ಹೆಸರಿನಲ್ಲಿ ಕೊಟ್ಟ ಮಾತಿನಲ್ಲಿ ಇರಲಾರದು. ದೇಶಕಾಲವಿಭಾಗವೆಂಬ ಮೂರನೆಯ ಅಂಗದ ಲೋಪದಿಂದ ಬಂದ ವಿನಿಪಾತಕ್ಕೆ ಆ ಅಂಗವನ್ನು ಮತ್ತೆ ಕೂಡಿಸಿದ್ದೇ ಪ್ರತೀಕಾರವಾಯಿತು.

೫

ಈ ನಿರ್ಣಯಕ್ಕೆ ವಿರುದ್ಧವಾಗಿ ಹೀಗೆ ಪೂರ್ವಪಕ್ಷವನ್ನು ಮಾಡಬಹುದು: ಐ. ಬಿ. ಎಂ. ಕಂಪನಿಯು ಧನಬಲದಿಂದ ಉಳಿಯಿತೇ ವಿನಾ ನೇತೃತ್ವದಿಂದಲ್ಲ. ಷೇರುಗಳನ್ನು ಮಾರಿ ಹಣವನ್ನು ಕೂಡಿಸಿತು; ಪ್ರೋಗ್ರಾಮುಗಳಿಗೆಂದು ೧೯೬೬ರಲ್ಲಿ ಗೊತ್ತುಮಾಡಿದ್ದ ೪ ಕೋಟಿ ಡಾಲರುಗಳು ೬ ಕೋಟಿಗೆ ಏರಿದವು; ಇಷ್ಟು ಸುರಿದ ಮೇಲೆ ಯಾವ ಕೆಲಸ ತಾನೆ ಆಗದು?

ಇದಕ್ಕೆ ಸಮಾಧಾನವೇನೆಂದರೆ: ದ್ರವ್ಯವು ಇಲ್ಲದಿದ್ದರೆ ಪ್ರತೀಕಾರಕ್ಕೆ ಅವಕಾಶವೇ ಇರುತ್ತಿರಲಿಲ್ಲವೆಂಬುದು ನಿಜ. ಆದರೆ ಅದು ಇದ್ದಾಗಲೇ ವಿನಿಪಾತವೂ ಆಯಿತಲ್ಲವೆ? ೧೯೬೪-೬೫ರಲ್ಲಿ ಹಣಕ್ಕೆ ಕೊರತೆಯಿರಲಿಲ್ಲ. ಜನರನ್ನು ತಂಡತಂಡವಾಗಿ ಸೇರಿಸಲಾಯಿತು. ಕಾರ್ಯವು ಅದರಿಂದ ಇನ್ನಷ್ಟು ಹಿಂದೆ ಬಿದ್ದಿತೆಂಬುದಕ್ಕೆ ಬ್ರೂಕ್ಸನ ನಿಯಮವೇ ಸಾಕ್ಷಿ. ಒಂದು ಕಾರಣವಿರುವಾಗ ಕಾರ್ಯವು ಆಗದೆ, ಇನ್ನೊಂದು ಬಂದು ಕೂಡಿದ ಮೇಲೆ ಆದರೆ, ಆ ಎರಡನೆಯದನ್ನೇ ವಿಶೇಷಕಾರಣವೆಂದು ಹೇಳಬೇಕು. ನೀರು ಎಷ್ಟಿದ್ದರೂ ಕಾಲುವೆಯಿಲ್ಲದ ಕಡೆ ಗದ್ದೆ ಕೊಚ್ಚಿಹೋಗುತ್ತದೆಯಲ್ಲದೆ ಬೆಳೆ ಬರುವುದಿಲ್ಲ.

ಹಾಗಾದರೆ ಹಿಂದೆ ಇದ್ದವರು ಅಸಮರ್ಥರೋ ಎಂದರೆ, ಅದೂ ಸಲ್ಲದು. ಬ್ರೂಕ್ಸನು ಅಸಾಧಾರಣ ಮೇಧಾವಿ. ೧೯೯೯ರಲ್ಲಿ ಟ್ಯೂರಿಂಗ್ ಪ್ರಶಸ್ತಿಯನ್ನು ಪಡೆದವನು. ಆದರೆ ಸಾವಿರ ಜನರು ಕೂಡಿ ಒಂದು ಪ್ರೋಗ್ರಾಮನ್ನು ಬರೆಯುವ ಕಾರ್ಯಕ್ಕೆ ಆಗ ಶಾಸ್ತ್ರವೇ ಹುಟ್ಟಿರಲಿಲ್ಲ. ತನ್ನ ಸೋಲನ್ನು ಹತ್ತು ವರ್ಷಗಳ ಕಾಲ ಮನನಮಾಡಿ, ತಪ್ಪನ್ನು ಇತರರ ಮೇಲೆ ಹೊರಿಸದೆ ಗ್ರಂಥವಾಗಿ ಬರೆದುದರಿಂದ ಆ ಶಾಸ್ತ್ರಕ್ಕೆ ಬುನಾದಿಯನ್ನು ಹಾಕಿದವರಲ್ಲಿ ಅವನೂ ಒಬ್ಬನಾದನು.

ಉದ್ಧಾರಕ್ಕೆ ತೆತ್ತ ಬೆಲೆಯನ್ನೂ ಇಲ್ಲಿ ಹೇಳದೆ ಬಿಡುವುದು ನ್ಯಾಯವಲ್ಲ. ಆರ್ಥರ್ ವಾಟ್ಸನನು ಮುಖ್ಯಪದವಿಯ ಆಸೆಯನ್ನು ಬಿಡಬೇಕಾಯಿತು. ೧೯೭೦ರಲ್ಲಿ ಅವನು ಕಂಪನಿಯನ್ನು ಬಿಟ್ಟು ಫ್ರಾನ್ಸ್ ದೇಶಕ್ಕೆ ಅಮೆರಿಕದ ರಾಯಭಾರಿಯಾಗಿ ಹೋದನು, ೧೯೭೪ರಲ್ಲಿ ತೀರಿಕೊಂಡನು. ಇಬ್ಬರು ಸ್ಪರ್ಧಿಗಳನ್ನು ಎದುರುಬದಿರಾಗಿ ನಿಲ್ಲಿಸಿದ ವ್ಯವಸ್ಥೆಯು ಅಣ್ಣನದು. ಅದರ ಫಲವನ್ನು ಉಂಡವನು ತಮ್ಮ. ೧೯೯೦ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಹಿರಿಯನಾದ ವಾಟ್ಸನನು ಈ ವಿಷಯದಲ್ಲಿ ತನಗಾದ ಪಶ್ಚಾತ್ತಾಪವನ್ನು ಮರೆಮಾಡಿಲ್ಲ. ಅಧಿಕಾರವನ್ನು ಮೊದಲೇ ಸರಿಯಾಗಿ ವಿಂಗಡಿಸಿದ್ದರೆ ಅದನ್ನು ಒಬ್ಬನಿಂದ ಕಿತ್ತುಕೊಳ್ಳುವ ಸಂದರ್ಭವು ಒದಗುತ್ತಿರಲಿಲ್ಲ.

೬

ಐದನೆಯ ಅಂಗವಾದ ಕಾರ್ಯಸಿದ್ಧಿಯ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ೩೬೦ರ ಆಳುವ ಪ್ರೋಗ್ರಾಮು ಕೊನೆಯವರೆಗೂ ದೋಷರಹಿತವಾಗಲಿಲ್ಲ; ಒಂದು ದೋಷವನ್ನು ತಿದ್ದಿದರೆ ಇನ್ನೊಂದು ತಲೆಯೆತ್ತುತ್ತಿತ್ತು. ಆದರೆ ಆ ವಂಶದ ಯಂತ್ರಗಳು ಇಂದಿಗೂ ಬ್ಯಾಂಕುಗಳಲ್ಲಿಯೂ ಸರ್ಕಾರಿ ಕಚೇರಿಗಳಲ್ಲಿಯೂ ದುಡಿಯುತ್ತಿವೆ. ಒಮ್ಮೆ ಬರೆದ ಪ್ರೋಗ್ರಾಮು ದೊಡ್ಡ ಯಂತ್ರಕ್ಕೆ ಹೋದಾಗಲೂ ನಡೆಯಬೇಕೆಂಬ ೧೯೬೧ರ ಸಂಕಲ್ಪವು ಸಿದ್ಧಿಸಿತು.

ಹಂಫ್ರಿಯ ಉಪಾಯಕ್ಕೆ ಒದಗಿದ ಪರಿಣತಿಯು ಕನ್ನಡನಾಡಿಗೂ ಸಂಬಂಧಪಟ್ಟುದು. ಐ. ಬಿ. ಎಂ. ಕಂಪನಿಯನ್ನು ಬಿಟ್ಟ ಮೇಲೆ ಅವನು ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಒಂದು ಸಂಸ್ಥೆಯನ್ನು ಸೇರಿ, ಪ್ರೋಗ್ರಾಮು ಬರೆಯುವ ಸಂಸ್ಥೆಗಳ ಪಕ್ವತೆಯನ್ನು ಅಳೆಯಲು ಐದು ಮೆಟ್ಟಿಲುಗಳ ಒಂದು ಮಾನವನ್ನು ರೂಪಿಸಿದನು; ೧೯೮೯ರಲ್ಲಿ ಆ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದನು. ಮೊದಲನೆಯ ಮೆಟ್ಟಿಲಿನಲ್ಲಿ ಕೆಲಸವು ಯಾರೋ ಕೆಲವು ವೀರರ ಹಗಲಿರುಳಿನ ದುಡಿಮೆಯಿಂದ ಮಾತ್ರ ಮುಗಿಯುತ್ತದೆ. ಅವರು ಹೋದರೆ ಕೆಲಸವೂ ಹೋಯಿತು. ಮೇಲುಮೇಲಿನ ಮೆಟ್ಟಿಲುಗಳಲ್ಲಿ ಯೋಜನೆ, ಕ್ರಮ, ಅಳತೆ, ತಿದ್ದುಪಾಟುಗಳು ಸಂಸ್ಥೆಯ ನಡೆವಳಿಕೆಯಾಗಿಯೇ ನೆಲಸಿರುತ್ತವೆ. ೧೯೯೦ರ ದಶಕದಲ್ಲಿ ಐದನೆಯ ಮೆಟ್ಟಿಲನ್ನು ಮುಟ್ಟಿದ ಲೋಕದ ಮೊದಮೊದಲಿನ ಸಂಸ್ಥೆಗಳಲ್ಲಿ ಮೋಟರೋಲ ಕಂಪನಿಯ ಬೆಂಗಳೂರಿನ ಶಾಖೆಯೂ ಒಂದು. ಅನಂತರ ಭಾರತದ ಹಲವು ಕಂಪನಿಗಳು ಅದೇ ಮಾನದಿಂದ ತಮ್ಮನ್ನು ಅಳೆಸಿಕೊಂಡು ದೂರದೇಶದ ಗ್ರಾಹಕರ ವಿಶ್ವಾಸವನ್ನು ಗಳಿಸಿದವು.

ಆದುದರಿಂದ ವಿನಿಪಾತಪ್ರತೀಕಾರವೆಂಬ ಅಂಗಕ್ಕೆ ಈ ನಿದರ್ಶನದ ಬಲದಿಂದ ಹೀಗೆ ಅರ್ಥವನ್ನು ಹೇಳಬಹುದು. ಬಿದ್ದ ಕಾರ್ಯವನ್ನು ಎತ್ತಲು ಬಂದವನು ಮೊದಲು ಇನ್ನಷ್ಟು ವೇಗದಿಂದ ಓಡಲು ಆಜ್ಞಾಪಿಸಬಾರದು. ನಿಲ್ಲಿಸಿ, ಇದ್ದುದನ್ನು ಇದ್ದಂತೆ ಕೇಳಿ ತಿಳಿಯಬೇಕು. ಹೊಣೆಯು ಎಲ್ಲಿ ಒಡೆದಿದೆಯೋ ಅಲ್ಲಿ ಕೂಡಿಸಬೇಕು. ಉಳಿಸಿಕೊಳ್ಳಲಾರದ ಮಾತನ್ನು ಬಹಿರಂಗವಾಗಿ ಹಿಂತೆಗೆದುಕೊಂಡು, ಕೆಲಸ ಮಾಡುವವರಿಂದಲೇ ಹೊಸ ಮಾತನ್ನು ಪಡೆಯಬೇಕು. ನಿಘಂಟು, ಗ್ರಂಥಸಂಪಾದನೆ, ಶಾಸನಸಂಗ್ರಹಗಳಂತಹ ಬಹುಜನಸಾಧ್ಯವಾದ ಕಾರ್ಯಗಳನ್ನು ವಿದ್ವತ್ಸಂಸ್ಥೆಗಳೂ ಕೈಕೊಳ್ಳುತ್ತವೆ. ಅವುಗಳೂ ವರ್ಷಗಟ್ಟಲೆ ಹಿಂದೆ ಬೀಳುವುದುಂಟು. ಅಂಥ ಸಂದರ್ಭದಲ್ಲಿ ಸಹಾಯಕರ ಸಂಖ್ಯೆಯನ್ನು ಹೆಚ್ಚಿಸುವ ನಿರ್ಣಯವನ್ನು ಅಂಗೀಕರಿಸುವುದಕ್ಕೆ ಮುಂಚೆ, ಲಕ್ಷಣವನ್ನು ಬರೆಯತಕ್ಕ ಹತ್ತು ಜನರು ಯಾರು, ಅವರಿಗೆ ಹತ್ತು ತಿಂಗಳ ಕಾಲವನ್ನು ಕೊಟ್ಟಿದೆಯೋ ಇಲ್ಲವೋ ಎಂಬುದನ್ನು ಆಡಳಿತಮಂಡಲಿಯವರು ವಿಚಾರಿಸಿ ನೋಡುವುದು ಯುಕ್ತವಾಗಿರುತ್ತದೆ.